ಶಂಕರಪುರದ ಮೊಗ್ಗಿನ ಲೆಕ್ಕ

ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿಯಲ್ಲಿ ಕಟಪಾಡಿ ಸಿಗುತ್ತದೆ. ಅಲ್ಲಿ ಇಳಿದು ಶಿರ್ವದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಶಂಕರಪುರ. ಪ್ರವಾಸಿಗರನ್ನು ಸೆಳೆಯುವ ಕೋಟೆಯಾಗಲಿ ಜಲಪಾತವಾಗಲಿ ಇಲ್ಲಿಲ್ಲ. ಇರುವುದು ಮನೆಯಂಗಳದ ಕೆಂಪು ಮಣ್ಣಿನಲ್ಲಿ ಸಾಲಾಗಿ ನಿಂತ ಸೊಂಟದೆತ್ತರದ ಹಸಿರು ಪೊದೆಗಳು. ಈ ಪೊದೆಗಳಿಂದಲೇ ಊರಿನ ಹೆಸರು ಮುಂಬಯಿಯವರೆಗೂ ಹೋಗಿದೆ. ಭೌಗೋಳಿಕ ಗುರುತು ಪಡೆದ 'ಉಡುಪಿ ಮಲ್ಲಿಗೆ'ಯ ತವರು ಇದು.

ಊರನ್ನು ನೋಡಬೇಕಾದದ್ದು ಬೆಳಗಿನ ಹೊತ್ತು. ಬಿಸಿಲೇರುವ ಮುನ್ನವೇ ಹೆಂಗಸರು ಬುಟ್ಟಿ ಹಿಡಿದು ಗಿಡದ ಮುಂದೆ ಬಾಗಿರುತ್ತಾರೆ. ಆ ದಿನ ಸಂಜೆ ಅರಳಲಿರುವ, ತುಂಬಿಕೊಂಡ ಬಿಳಿ ಮೊಗ್ಗನ್ನು ಮಾತ್ರ ಬಿಡಿಸಬೇಕು. ಹಸಿರು ಮೊಗ್ಗು ನಾಳೆಗೆ. ಆಮೇಲೆ ಮೊಗ್ಗುಗಳನ್ನು ಬಾಳೆನಾರಿನಲ್ಲಿ ಕಟ್ಟುವ ಕೆಲಸ. ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮಕ್ಕಳು ಲೆಕ್ಕ ಹಾಕಿ ನೋಡಬಹುದು: ಮೊಗ್ಗಿಗೆ ಒಂದೇ ಸೆಕೆಂಡ್ ಎಂದರೂ 3,200 ಮೊಗ್ಗು ಬಿಡಿಸಲು 53 ನಿಮಿಷ ಬೇಕು. ಕಟ್ಟುವ ಹೊತ್ತು ಬೇರೆ. ಯಂತ್ರ ಈ ಕೆಲಸಕ್ಕೆ ಬಾರದು.

ಅವಸರಕ್ಕೆ ಕಾರಣ ಗಿಡದ ಸ್ವಭಾವದಲ್ಲೇ ಇದೆ. ಮಲ್ಲಿಗೆ ರಾತ್ರಿಯ ಹೂವು. ಇರುಳಿನ ಪತಂಗಗಳನ್ನು ಕರೆಯಲೆಂದೇ ಅದಕ್ಕೆ ಬಿಳಿ ಬಣ್ಣ, ಸಂಜೆಗೆ ಹೊಮ್ಮುವ ಪರಿಮಳ. ಬೆಳಿಗ್ಗೆ ಕೊಯ್ದ ಮೊಗ್ಗು ರಾತ್ರಿ ಮುಡಿಯಲ್ಲಿ ಅರಳುತ್ತದೆ. ಗಿಡದಲ್ಲೇ ಉಳಿದದ್ದು ಮರುದಿನ ಮಾರಾಟಕ್ಕೆ ಬಾರದು.

ಬೆಲೆಯಲ್ಲೂ ಒಂದು ಪಾಠವಿದೆ. ಹೂವು ಹೇರಳವಾಗಿ ಬಂದಾಗ ಕೆಲವು ನೂರು ರೂಪಾಯಿಗೆ ಇಳಿಯುವ ಅಟ್ಟೆ, ಚಳಿಗೆ ಗಿಡ ಸೊರಗಿ ಮದುವೆಗಳೂ ಕೂಡಿಬಂದಾಗ ಸಾವಿರ ದಾಟುವುದುಂಟು. ಈ ಏರಿಳಿತದ ನಡುವೆಯೇ ಎಷ್ಟೋ ಮನೆಗಳ ಶಾಲಾ ಶುಲ್ಕ, ಪುಸ್ತಕದ ಖರ್ಚು ಅಂಗಳದ ಗಿಡಗಳಿಂದ ಹುಟ್ಟಿದೆ.

ಈ ಗಿಡದ ಒಂದು ವಿಶೇಷ ಹಲವರಿಗೆ ತಿಳಿದಿಲ್ಲ. ಇಷ್ಟು ಹೂ ಬಿಟ್ಟರೂ ಇದು ಬೀಜ ಕಟ್ಟುವುದು ತೀರ ಅಪರೂಪ. ಜಾಸ್ಮಿನಮ್ ಸಂಬಾಕ್ ಎಂಬ ಈ ಸಸ್ಯ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹೋದದ್ದು ಮನುಷ್ಯನ ಕೈ ಹಿಡಿದು. 1934ರಲ್ಲಿ ಇದನ್ನು ರಾಷ್ಟ್ರೀಯ ಪುಷ್ಪವೆಂದು ಸಾರಿದ ಫಿಲಿಪ್ಪೀನ್ಸಿನಲ್ಲೂ ಗಿಡ ಬೆಳೆಯುವುದು ರೆಂಬೆಯ ತುಂಡಿನಿಂದಲೇ.

ಆದ್ದರಿಂದ ಮನೆಯಲ್ಲಿ ಬೆಳೆಸುವವರಿಗೂ ತುಂಡೇ ಗತಿ. ಮಳೆಗಾಲದಲ್ಲಿ ಪೆನ್ಸಿಲ್ ಗಾತ್ರದ, ಮೂರು ನಾಲ್ಕು ಗಿಣ್ಣುಗಳಿರುವ ಗೇಣುದ್ದದ ತುಂಡನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ನೆರಳಿಗಿಡಬೇಕು. ಬೇರು ಬಂದ ಮೇಲೆ ನೀರು ನಿಲ್ಲದ, ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗಕ್ಕೆ ವರ್ಗಾಯಿಸಬೇಕು. ಕುಂಡವಾದರೆ ತಳದಲ್ಲಿ ತೂತು ಕಡ್ಡಾಯ; ನೀರು ನಿಂತರೆ ಬೇರು ಕೊಳೆಯುತ್ತದೆ. ಸೆಗಣಿಗೊಬ್ಬರ, ಕೊಳೆಸಿ ತೆಳ್ಳಗೆ ಮಾಡಿದ ನೆಲಗಡಲೆ ಹಿಂಡಿ ಇದಕ್ಕೆ ಒಳ್ಳೆಯ ಆಹಾರ.

ಹೊಸಬರು ಎಡವುವುದು ಕತ್ತರಿಯ ವಿಷಯದಲ್ಲಿ. ಹಸಿರು ಗಿಡವನ್ನು ಕಡಿಯಲು ಮನಸ್ಸು ಬರುವುದಿಲ್ಲ. ಆದರೆ ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ವರ್ಷಕ್ಕೊಮ್ಮೆ ಸವರದ ಗಿಡ ಎಲೆಯಲ್ಲಿ ಸೊಂಪಾಗಿ, ಹೂವಿನಲ್ಲಿ ಬಡವಾಗುತ್ತದೆ. ಮೊಗ್ಗು ಕೆನ್ನೀಲಿಗೆ ತಿರುಗಿ ತೂತು ಕಂಡರೆ ಮೊಗ್ಗುಕೊರಕ ಹುಳು ಬಂದಿದೆ ಎಂದರ್ಥ. ಅಂಥ ಮೊಗ್ಗುಗಳನ್ನು ಕೂಡಲೇ ಆರಿಸಿ ನಾಶಪಡಿಸಬೇಕು.

ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಓದು ಮುಗಿಸಿ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳನ್ನು ಸೇರಿದ್ದಾರೆ. ಅವರನ್ನು ಓದಿಸಿದ ಅಂಗಳದ ಗಿಡಗಳ ಮುಂದೆ ಬಾಗುವ ಬೆನ್ನುಗಳಿಗೆ ಈಗ ವಯಸ್ಸಾಗಿದೆ. ಬೀಜವಿದ್ದ ಗಿಡವಾದರೆ ಎಲ್ಲೋ ಬಿದ್ದು ತಾನೇ ಮೊಳೆತೀತು. ಮಲ್ಲಿಗೆಗೆ ಆ ದಾರಿಯಿಲ್ಲ. ಯಾರಾದರೂ ಒಂದು ತುಂಡು ಕೇಳಬೇಕು, ಯಾರಾದರೂ ಕೊಡಬೇಕು. ಶಂಕರಪುರಕ್ಕೆ ಹೋದವರು ಅಟ್ಟೆಯ ಜೊತೆ ಅದನ್ನೂ ಕೇಳಿ ತರಬಹುದು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಊರು ಮುಟ್ಟುವವರೆಗೆ ಬಾಡುವುದಿಲ್ಲ.