ನೋಟಿಸು ಮುಗಿಯೋ ಮುಂಚೆ ಬಂದೆ

ಫ್ಯಾಕ್ಟರಿ ಕೆಲಸದಲ್ಲಿರೋ ನಮ್ಮೂರ ಹುಡುಗ್ರು ಕೇಳ್ತಾನೇ ಇರ್ತಾರೆ, ನೋಟಿಸ್ ಪೀರಿಯಡ್ ಮುಗಿಸ್ದೆ ಬಂದ್ರೆ ಪಿಎಫ್ ಹೋಗುತ್ತಾ ಅಂತ. ಹೋಗಲ್ಲ. ನಾನು ಹಾಗೇ ಬಂದವನು, ಅದಕ್ಕೆ ಬರೀತಿದೀನಿ.

ಬೆಂಗಳೂರಲ್ಲಿ 6 ವರ್ಷ ಇದ್ದೆ. ಅಪ್ಪನ ಕೈಲಿ ಗದ್ದೆ ಆಗಲ್ಲ ಅಂತ ರಾಜೀನಾಮೆ ಕೊಟ್ಟೆ, ನೋಟಿಸು 30 ದಿನ. 12ನೇ ದಿನ ಫೋನ್ ಬಂತು, ಅಪ್ಪ ಬದು ಮೇಲೆ ಜಾರಿಬಿದ್ದು ಸೊಂಟ ಮುರಿದಿತ್ತು. ಒಟ್ಲಲ್ಲಿ ಭತ್ತದ ಪೈರಿಗೆ ಆಗ್ಲೇ 22 ದಿನ. 25 ದಾಟಿ ಬಲಿತರೆ ತೆಂಡೆ ಕಮ್ಮಿ, ಗೊತ್ತಲ್ಲ. ಅವತ್ತೇ ಬಸ್ ಹತ್ತಿದೆ.

ಉಳಿದ 18 ದಿನದ ಸಂಬಳ ಲೆಕ್ಕದಲ್ಲಿ ಹಿಡ್ಕೊಂಡ್ರು. ಸಹಿ ಹಾಕಿದ ಕಾಗದದಲ್ಲಿ ಹಾಗೇ ಇತ್ತು, ಜಗಳ ಆಡ್ಲಿಲ್ಲ. ಆದ್ರೆ ಪಿಎಫೂ ಇಲ್ಲ, ಗ್ರಾಚ್ಯುಟಿನೂ ಇಲ್ಲ ಅಂದಾಗ ಬಿಡ್ಲಿಲ್ಲ. ನೋಟಿಸಿನ ಬಾಕಿಗೆ ಪಿಎಫ್ ಮುಟ್ಟೋ ಹಾಗಿಲ್ಲ. 5 ವರ್ಷ ತುಂಬಿದ್ರೆ ರಾಜೀನಾಮೆ ಕೊಟ್ಟೋರಿಗೂ ಗ್ರಾಚ್ಯುಟಿ ಉಂಟು: ಕೊನೇ ತಿಂಗಳ ಮೂಲ ಸಂಬಳ, ಡಿಎ ಕೂಡಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷದ ಲೆಕ್ಕದಿಂದ ಗುಣಿಸಿ. ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ ಮೇಲೆ ಕೊಟ್ರು.

ರಿಲೀವಿಂಗ್ ಲೆಟರ್ ಮಾತ್ರ ಕೊಡ್ಲೇ ಇಲ್ಲ. ನನ್ನ ಗದ್ದೆಗೆ ಅದು ಬೇಕಾಗಿರಲಿಲ್ಲ. ಬೇರೆ ಕಂಪನಿ ಸೇರೋರು ಬಸ್ ಹತ್ತೋ ಮುಂಚೆ ಮ್ಯಾನೇಜರ್ ಹತ್ರ ಮಾತಾಡಿ, ಎಷ್ಟು ದಿನಕ್ಕೆ ಬಿಡ್ತಾರೆ ಅಂತ ಬರವಣಿಗೇಲಿ ತಗೊಳ್ಳಿ.