ಗಾಲಿಯ ಮನೆಗಳ ಊರಿನಲ್ಲಿ

ಮನೆಯೆಂದರೆ ಬುನಾದಿ, ಹೊಸ್ತಿಲು, ಹಿತ್ತಿಲು ಎಂದು ತಿಳಿದು ಬೆಳೆದವರು ನಾವು. ಮನೆಗೆ ಗಾಲಿಗಳಿರುವುದನ್ನೂ, ಅಂಥ ಮನೆಗಳು ಸಾವಿರಗಟ್ಟಲೆ ಕೂಡಿ ಚಳಿಗಾಲದ ಮಟ್ಟಿಗೆ ಒಂದು ಊರಾಗುವುದನ್ನೂ ನಾನು ಕಂಡದ್ದು 2020ರ ಜನವರಿಯಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಕ್ವಾರ್ಟ್ಸ್‌ಸೈಟ್ ಎಂಬಲ್ಲಿ. ಫೀನಿಕ್ಸ್ ನಗರದಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅವನು ಒಂದು ಆರ್.ವಿ.ಯನ್ನು ಬಾಡಿಗೆಗೆ ಪಡೆದು, ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರ್ ದೂರವಿರುವ ಆ ಮರುಭೂಮಿಗೆ ನನ್ನನ್ನು ಕರೆದೊಯ್ದ. ನಾಲ್ಕು ದಿನ ಅಲ್ಲಿದ್ದೆವು.

ಆರ್.ವಿ. ಎಂದರೆ ಒಲೆ, ಹಾಸಿಗೆ, ಸ್ನಾನದ ಕೋಣೆ, ನೀರಿನ ತೊಟ್ಟಿ ಎಲ್ಲವನ್ನೂ ಒಡಲಲ್ಲಿ ಅಡಗಿಸಿಕೊಂಡ ವಾಹನ. ಉತ್ತರದ ರಾಜ್ಯಗಳೂ ಕೆನಡಾ ದೇಶವೂ ಹಿಮದಲ್ಲಿ ಹುದುಗಿರುವಾಗ, ಅಲ್ಲಿಯ ವೃದ್ಧರು ಅನೇಕರು ಇಂಥ ವಾಹನಗಳಲ್ಲಿ ಬಿಸಿಲನ್ನು ಅರಸಿಕೊಂಡು ಇಲ್ಲಿಗೆ ಬರುತ್ತಾರೆ. 2020ರ ಜನಗಣತಿಯಂತೆ ಕ್ವಾರ್ಟ್ಸ್‌ಸೈಟಿನ ಖಾಯಂ ಜನಸಂಖ್ಯೆ ಎರಡೂವರೆ ಸಾವಿರಕ್ಕೂ ಕಡಿಮೆ. ಊರಿನ ದಕ್ಷಿಣಕ್ಕಿರುವ ಲಾ ಪೋಸಾ ಎಂಬ ಬಯಲು ಹನ್ನೊಂದು ಸಾವಿರ ಎಕರೆಗೂ ಮಿಕ್ಕಿದ್ದು. ಅದು ಅಲ್ಲಿಯ ಕೇಂದ್ರ ಸರ್ಕಾರದ ಭೂನಿರ್ವಹಣಾ ಸಂಸ್ಥೆಯ ವಶದಲ್ಲಿದೆ. ನಾವು ಹೋದಾಗ 180 ಡಾಲರ್ ಕೊಟ್ಟವರು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿ ತಂಗಬಹುದಾಗಿತ್ತು. ನೀರು ತುಂಬಿಸಿಕೊಳ್ಳಲು, ಮಲಿನ ನೀರನ್ನು ವಿಸರ್ಜಿಸಲು ಅಲ್ಲಿ ನಿಗದಿತ ಸ್ಥಳಗಳಿವೆ. ಉಳಿದುದೆಲ್ಲ ಕಲ್ಲು, ಮುಳ್ಳು, ಆಕಾಶ.

ಇವರೆಲ್ಲರೂ ವಿಹಾರಕ್ಕಾಗಿ ಬಂದವರೆಂದು ನಾನು ಮೊದಲು ಭಾವಿಸಿದ್ದೆ. ಅದು ಅರ್ಧ ಸತ್ಯ. 2008ರ ಆರ್ಥಿಕ ಕುಸಿತದಲ್ಲಿ ಮನೆಯನ್ನೂ ಉಳಿತಾಯವನ್ನೂ ಕಳೆದುಕೊಂಡು, ಪಿಂಚಣಿಯ ಹಣ ಮನೆಬಾಡಿಗೆಗೆ ಸಾಲದೆ, ಗಾಡಿಯನ್ನೇ ಮನೆಯಾಗಿಸಿಕೊಂಡವರೂ ಅವರಲ್ಲಿದ್ದಾರೆ. ಜೆಸ್ಸಿಕಾ ಬ್ರೂಡರ್ ಎಂಬ ಲೇಖಕಿ 2017ರಲ್ಲಿ ಪ್ರಕಟಿಸಿದ ‘ನೋಮ್ಯಾಡ್‌ಲ್ಯಾಂಡ್’ ಗ್ರಂಥ ಇಂಥವರ ಬದುಕನ್ನೇ ಕುರಿತದ್ದು. ಅದನ್ನು ಆಧರಿಸಿದ ಚಲನಚಿತ್ರಕ್ಕೆ 2021ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು.

ಇಂಥ ಊರಿನಲ್ಲಿ ಸೈಕಲ್ಲಿಗೆ ಎಲ್ಲಿಲ್ಲದ ಬೆಲೆ. ಗಾಲಿಯ ಮನೆಯನ್ನು ಒಮ್ಮೆ ಸಮತಟ್ಟಾಗಿ ನಿಲ್ಲಿಸಿ, ಚಾವಣಿ ಬಿಚ್ಚಿ, ಪಾತ್ರೆಪಡಗ ಹರಡಿದ ಮೇಲೆ, ಒಂದು ಕೊಡ ನೀರಿಗೋ ಒಂದು ಗುಳಿಗೆಗೋ ಅದನ್ನು ಕದಲಿಸಲು ಯಾರಿಗೂ ಮನಸ್ಸಾಗದು. ಆದ್ದರಿಂದ ಅನೇಕ ಗಾಡಿಗಳ ಬೆನ್ನಿನಲ್ಲಿ ಸೈಕಲ್ಲುಗಳು ತೂಗುತ್ತಿರುತ್ತವೆ. ಸಾವಿರಾರು ಮೈಲಿಗಳ ಧೂಳು, ಮಳೆ, ಕುಲುಕಾಟಗಳಲ್ಲಿ ಅವುಗಳ ಚೈನು ತುಕ್ಕು ಹಿಡಿಯುತ್ತದೆ; ಬಿಸಿಲಿಗೆ ಟೈರು ಬಿರಿಯುತ್ತದೆ. ಹೇಗೋ ಉಳಿದುಕೊಂಡವನ್ನು ಕಾಯುತ್ತಿರುವುದು ನೆಲದ ಮುಳ್ಳು.

ಆ ಮುಳ್ಳನ್ನು ಕಂಡು ನಾನು ಬೆರಗಾದೆ. ಅದು ನಮ್ಮ ನೆಗ್ಗಿಲುಮುಳ್ಳು! ಬರಿಗಾಲಿನಲ್ಲಿ ಹೊಲದ ದಾರಿ ತುಳಿದವರಾರೂ ಮರೆಯಲಾರದ ಮುಳ್ಳು. ವೈದ್ಯರ ದಶಮೂಲಗಳಲ್ಲಿ ಒಂದಾದ ಗೋಕ್ಷುರ. ಅಮೆರಿಕದವರು ಅದನ್ನು ಆಡಿನ ತಲೆ ಎನ್ನುತ್ತಾರೆ. ಎರಡು ಕೊಂಬುಗಳು ಹಾಗೆಯೇ ಕಾಣುತ್ತವೆ. ಅದು ಆ ನೆಲದ ಗಿಡವಲ್ಲ, ಹಳೆಯ ಜಗತ್ತಿನಿಂದ ಹೋಗಿ ನೆಲೆಸಿದ್ದು. ಅದರ ಹಾವಳಿಯನ್ನು ತಗ್ಗಿಸಲು 1961ರಲ್ಲಿ ಇಟಲಿಯಿಂದ ಎರಡು ಬಗೆಯ ಸೊಂಡಿಲುಹುಳುಗಳನ್ನು ತರಿಸಿ ಬಿಟ್ಟರು. ಗಿಡ ತಗ್ಗಿತೇ ಹೊರತು ಅಳಿಯಲಿಲ್ಲ.

ನಮ್ಮ ಗಾಡಿಯಿಂದ ನೂರು ಹೆಜ್ಜೆಯಾಚೆ, ಎಪ್ಪತ್ತು ದಾಟಿದ ಒಬ್ಬರು ಚಾವಣಿಯ ನೆರಳಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು. ಮಿನೆಸೋಟಾ ರಾಜ್ಯದ ನಿವೃತ್ತ ಮೆಕ್ಯಾನಿಕ್. ಹೆಸರು ಬರೆಯುವುದು ಬೇಡವೆಂದರು. ಪರವಾನಗಿಯಿಲ್ಲದೆ ಆ ಬಯಲಿನಲ್ಲಿ ವ್ಯಾಪಾರ ಮಾಡುವಂತಿಲ್ಲ. ಇವರಿಗೆ ಅದರ ಅಪೇಕ್ಷೆಯೂ ಇರಲಿಲ್ಲ. ಬೋರ್ಡಿಲ್ಲ, ದರವಿಲ್ಲ. ಸೈಕಲ್ ತಂದವರು ಪಕ್ಕದ ಕುರ್ಚಿಯಲ್ಲಿ ಕುಳಿತು ಮಾತನಾಡಬೇಕು, ಅಷ್ಟೆ.

ಅವರು ಪಂಕ್ಚರ್ ತೆಗೆಯುವ ರೀತಿಯನ್ನು ಗಮನಿಸಿದೆ. ನಮ್ಮ ಅಂಗಡಿಗಳಲ್ಲಿ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾರೆ. ಅಲ್ಲಿ ನೀರು ದುರ್ಲಭ. ಗಾಳಿ ತುಂಬಿದ ಟ್ಯೂಬನ್ನು ಅವರು ಕೆನ್ನೆಯ ಬಳಿ ಮೆಲ್ಲನೆ ತಿರುಗಿಸುತ್ತಾರೆ. ಉಸಿರು ತಾಗಿದೆಡೆ ತೂತು. ಅಲ್ಲಿ ಮರಳುಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾದು, ಬಳಿಕ ಪ್ಯಾಚ್ ಒತ್ತುತ್ತಾರೆ. ಆಮೇಲೆ ಹತ್ತಿಯ ಉಂಡೆಯೊಂದನ್ನು ಟೈರಿನ ಒಳಮೈಯಲ್ಲಿ ಸುತ್ತಲೂ ಸವರುತ್ತಾರೆ. ಮುರಿದ ಮುಳ್ಳಿನ ಮೊನೆ ಉಳಿದಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. “ಮುಳ್ಳು ತೆಗೆಯದೆ ಟ್ಯೂಬು ಹಾಕಿದರೆ ಅರ್ಧ ದಾರಿಯಲ್ಲಿ ನನ್ನನ್ನು ಬೈಯುತ್ತಾರೆ” ಎಂದು ನಕ್ಕರು.

ಮೂರನೆಯ ದಿನ ಒಂದು ಪ್ರಸಂಗ ನಡೆಯಿತು. ಅವರ ನೆರೆಯವರೊಬ್ಬರು ಬ್ರೇಕು ಬಿಗಿ ಮಾಡಿಸಲು ಬೆಲೆಬಾಳುವ ಅಲ್ಯುಮಿನಿಯಂ ಸೈಕಲ್ ತಂದರು. ಧೂಳೊರೆಸುತ್ತಿದ್ದ ಮುದುಕರ ಕೈ ಹ್ಯಾಂಡಲ್ಲಿನ ಕೆಳಗೆ, ಕೊಳವೆಗಳು ಕೂಡುವೆಡೆ ನಿಂತಿತು. ಕೂದಲೆಳೆಯಷ್ಟು ಗೆರೆ. ಒರೆಸಿದರೂ ಹೋಗಲಿಲ್ಲ, ಬಣ್ಣವಲ್ಲ, ಲೋಹವೇ ಸೀಳಿತ್ತು. ಅವರು ಪಾನಾ ಕೆಳಗಿಟ್ಟರು.

“ಇದನ್ನು ನಾನು ಮುಟ್ಟುವುದಿಲ್ಲ. ನೀವೂ ಇನ್ನು ಹತ್ತಬೇಡಿ.”

“ನಿಮ್ಮನ್ನು ಕೇಳಿದ್ದು ಬ್ರೇಕು ಮಾತ್ರ. ಬಿಟ್ಟಿ ಕೆಲಸಕ್ಕೆ ಇಷ್ಟು ಬಿಗುಮಾನವೇ?”

“ಬಿಟ್ಟಿಯೆಂದು ಅರ್ಧ ಕೆಲಸ ಮಾಡಲಾರೆ. ಇದು ಹೇಳದೆ ಕೇಳದೆ ಮುರಿಯುತ್ತದೆ. ಇಲ್ಲಿ ಬೆಸುಗೆ ಹಾಕಿದರೂ ಮೊದಲಿನ ಬಲ ಬರುವುದಿಲ್ಲ.”

ಬಂದವರು ಸೈಕಲ್ಲನ್ನು ತಳ್ಳಿಕೊಂಡು ಹೊರಟುಹೋದರು. ಅವರಿಬ್ಬರೂ ಆರು ಚಳಿಗಾಲ ಪಕ್ಕಪಕ್ಕದಲ್ಲಿ ತಂಗಿದವರೆಂದು ಆಮೇಲೆ ತಿಳಿಯಿತು. ಆ ಸಂಜೆ ಮುದುಕರು ಯಾರ ಸೈಕಲ್ಲನ್ನೂ ಮುಟ್ಟಲಿಲ್ಲ. “ಅಪ್ಪಾಜಿ, ಹಾಗೆಯೇ ಬ್ರೇಕು ಬಿಗಿದು ಕಳಿಸಿದ್ದರೆ ಸ್ನೇಹವಾದರೂ ಉಳಿಯುತ್ತಿತ್ತಲ್ಲವೇ?” ಎಂದು ಮಗ ಕೇಳಿದ. ನಾನು ಉತ್ತರ ಕೊಡಲಿಲ್ಲ. ಸ್ನೇಹ ಉಳಿಯುತ್ತಿತ್ತು, ಸ್ನೇಹಿತ ಉಳಿಯುತ್ತಿದ್ದನೇ ಎಂಬುದೇ ನನ್ನನ್ನು ಕಾಡಿತು.

ಮರುದಿನ ನಾವು ಹೊರಡುವ ಸಿದ್ಧತೆಯಲ್ಲಿದ್ದಾಗ ಆ ನೆರೆಯವರು ಮತ್ತೆ ಬಂದರು. ಸೈಕಲ್ಲನ್ನು ಬಿಚ್ಚಿ, ಎರಡು ಗಾಲಿಗಳನ್ನೂ ಪೆಡಲುಗಳನ್ನೂ ಸೀಟನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ಕ್ಷಮೆಯ ಮಾತಾಡಲಿಲ್ಲ. “ಯಾರಿಗಾದರೂ ಹೊಂದೀತು” ಎಂದು ನೆಲದ ಮೇಲಿಟ್ಟು, ಎಂದಿನ ಕುರ್ಚಿಯಲ್ಲಿ ಕುಳಿತರು. ಒಬ್ಬಂಟಿಯಾಗಿ ಚಿಕ್ಕ ವ್ಯಾನಿನಲ್ಲಿ ವಾಸಿಸುವ ವೃದ್ಧೆಯೊಬ್ಬರ ಸೈಕಲ್ಲಿನ ಮುಂಗಾಲಿ ಬಾಗಿ, ನಾಲ್ಕು ದಿನಗಳಿಂದ ಅಲ್ಲಿಯೇ ಒರಗಿತ್ತು. ಅಳತೆ ಹೊಂದಿತು. ಇಬ್ಬರೂ ಸೇರಿ ಗಾಲಿ ಕೂರಿಸಿದರು; ಒಬ್ಬರು ಹಿಡಿದರು, ಒಬ್ಬರು ಬಿಗಿದರು. ಆಕೆ ನೀರಿನ ಕ್ಯಾನನ್ನು ಹಿಂದೆ ಕಟ್ಟಿಕೊಂಡು ಹೊರಟಾಗ ಮುದುಕರು ತಡೆದು, ಮತ್ತೊಮ್ಮೆ ಬ್ರೇಕು ಒತ್ತಿ ನೋಡಿ ಬಿಟ್ಟುಕೊಟ್ಟರು.

ಕಾಯಕ, ದಾಸೋಹ ಎಂಬ ಶಬ್ದಗಳನ್ನು ಅವರು ಕೇಳಿದವರಲ್ಲ; ನಾನೂ ಅಲ್ಲಿ ವಿವರಿಸಲು ಹೋಗಲಿಲ್ಲ. ವಿವರಿಸಬೇಕಾದುದು ಅವರಿಗಲ್ಲ, ನನಗೆ ನಾನೇ ಎನಿಸಿತು. ಹಣ ಪಡೆಯದ ಕೆಲಸದಲ್ಲಿ ತುಸು ಲೋಪವಾದರೆ ಯಾರೂ ಕೇಳುವುದಿಲ್ಲವೆಂಬ ಸಡಿಲು ನಮ್ಮಲ್ಲಿ ಎಷ್ಟೋ ಸೇವೆಗಳನ್ನು ಕೆಡಿಸಿದೆ. ಅವರಿಗೆ ಉಚಿತವಾಗಿದ್ದುದು ಕೂಲಿ ಮಾತ್ರ, ಹೊಣೆಯಲ್ಲ.

ಏಪ್ರಿಲ್ ಬಂದರೆ ಆ ಊರು ಚದುರಿಹೋಗುತ್ತದೆ. ಬುನಾದಿಯಿಲ್ಲದ ಊರು ನಿಲ್ಲುವುದು ಯಾವುದರ ಮೇಲೆ ಎಂದು ಹೋಗುವಾಗ ಮಗನನ್ನು ಕೇಳಿದ್ದೆ. ಮರಳುವಾಗ ಆ ಪ್ರಶ್ನೆ ಉಳಿದಿರಲಿಲ್ಲ.