ಅರ್ಧ ಪವನು ತೂಕದ ಮೀನು

ಅಕ್ಕಿ, ಎಣ್ಣೆ, ಬಟ್ಟೆಗಳ ಬೆಲೆ ನಮಗೆ ಬಾಯಿಪಾಠವಾಗಿರುತ್ತದೆ. ಆದರೆ ಮನೆಯ ಗಂಡಸರು ಆಸೆಪಡುವ ಕೆಲವು ವಸ್ತುಗಳ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಗಾಳದ ರೀಲು ಅಂತಹದ್ದೊಂದು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಪುಟ್ಟ ಯಂತ್ರಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಬೆಲೆ! ಅದನ್ನು ಕೊಳ್ಳಬೇಕೇ, ಕೊಳ್ಳುವುದಾದರೆ ಯಾವುದನ್ನು ಎಂದು ತೀರ್ಮಾನಿಸುವ ಹೊಣೆ ಕಳೆದ ವರ್ಷ ನನ್ನ ಮೇಲೆ ಬಿತ್ತು.

ನಮ್ಮವರು ಗಲ್ಫಿನಲ್ಲಿ ಹದಿನೆಂಟು ವರ್ಷ ದುಡಿದವರು. ಅಲ್ಲಿನ ಒಂದು ವರ್ಕ್‌ಶಾಪಿನಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ತೋರುಬೆರಳು ಸೆಟೆದುಹೋಯಿತು. ಈಗ ಅದು ಮಡಚುವುದಿಲ್ಲ. ಊರಿಗೆ ಮರಳಿದ ಮೇಲೆ ಮನೆ ನಡೆಯುವುದು ಹೆಚ್ಚಾಗಿ ನನ್ನ ಸಂಬಳದಿಂದ. ಹದಿನೆಂಟು ವರ್ಷ ಹಣ ಕಳಿಸಿದ ಮನುಷ್ಯ ಹೆಂಡತಿಯ ಬಳಿ ಕೈಯೊಡ್ಡಲು ಎಷ್ಟು ಹಿಂಜರಿಯುತ್ತಾನೆಂಬುದನ್ನು, ಅಂತಹ ಮನೆಗಳ ಸಹೋದರಿಯರಿಗೆ ನಾನು ವಿವರಿಸಬೇಕಾಗಿಲ್ಲ. ಅವರು ಕೇಳಲೇ ಇಲ್ಲ. ಮಗ ಬಂದು ಹೇಳಿದ: “ಉಮ್ಮಾ, ಅಬ್ಬಾಗೆ ಒಂದು ರೀಲು ಬೇಕಂತೆ.”

“ಮೀನು ಬೇಕಿದ್ದರೆ ಅಂಕೋಲಾ ಪೇಟೆಯಲ್ಲಿ ಸಿಗುವುದಿಲ್ಲವೇ?” ಎಂದರು ಅತ್ತೆ. ಅವರ ಮಾತಿನಲ್ಲಿ ಲೆಕ್ಕವಿತ್ತು, ಸುಳ್ಳಿರಲಿಲ್ಲ. ಆದರೆ ಅಸರ್ ಬಳಿಕ ಬೇಲೆಕೇರಿಗೆ ಹೋಗಿ ಮಗ್ರಿಬ್‌ಗೆ ಮರಳುವ ದಿನಗಳಲ್ಲಿ ಮಾತ್ರ ನಮ್ಮವರು ಊಟದ ಹೊತ್ತಿಗೆ ನಾಲ್ಕು ಮಾತಾಡುತ್ತಿದ್ದರು. ನನ್ನ ಲೆಕ್ಕದಲ್ಲಿ ಅದೂ ಸೇರಿತ್ತು.

ಬೇಲೆಕೇರಿ ಎಂದೊಡನೆ ಹೊರಗಿನವರಿಗೆ 2010ರ ಅದಿರು ಪ್ರಕರಣ ನೆನಪಾಗುತ್ತದೆ. ನಮಗೆ ಅದು ಕಡಲು, ದೋಣಿ, ಮೀನಿನ ಊರು. ಖಾರಿಯ ಅಂಚಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ, ಕೊಂಕಣಿಯವರು ಚೊಣಕ್ ಎನ್ನುವ ಮೀನು ಅಡಗಿರುತ್ತದೆ. ಅಂತಹ ಕಡೆ ಸಣ್ಣ ಸಿಗಡಿಯನ್ನೋ ಮರಿಮೀನನ್ನೋ ಹೋಲುವ ಕೃತಕ ಮೀನನ್ನು ಎಸೆಯುತ್ತಾರೆ. ಅದರ ತೂಕ ನಾಲ್ಕೈದು ಗ್ರಾಂ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅರ್ಧ ಪವನು! ಇಡೀ ತೊಡಕಿರುವುದು ಈ ಅರ್ಧ ಪವನಿನಲ್ಲಿಯೇ.

ರೀಲುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಟೈಲರ್ ಅಂಗಡಿಯಲ್ಲಿ ನಿಲ್ಲಿಸಿಟ್ಟ ದೊಡ್ಡ ನೂಲಿನ ಕೋನ್ ನೋಡಿದ್ದೀರಲ್ಲ? ಕೋನ್ ಅಲುಗುವುದಿಲ್ಲ, ನೂಲು ಮೇಲಿನಿಂದ ಸುರುಳಿ ಬಿಚ್ಚಿಕೊಂಡು ಬರುತ್ತದೆ. ಸ್ಪಿನ್ನಿಂಗ್ ರೀಲಿನಲ್ಲಿ ಎಸೆತದ ಕೆಲಸ ಹೀಗೆಯೇ. ಹಗುರ ಗಾಳಕ್ಕೆ ಅದೇ ಸುಲಭ, ಬೆಲೆಯೂ ಕಡಿಮೆ. ಆದರೆ ಎಸೆಯುವಾಗ ದಾರವನ್ನು ತೋರುಬೆರಳಿನಲ್ಲಿ ಕೊಕ್ಕೆಯಂತೆ ಹಿಡಿದು ಸರಿಯಾದ ಕ್ಷಣದಲ್ಲಿ ಬಿಡಬೇಕು. ನಮ್ಮವರಿಗೆ ಆಗದಿದ್ದದ್ದು ಅದೇ.

ಬೇಟ್‌ಕಾಸ್ಟಿಂಗ್ ರೀಲಿಗೆ ಬೇಕಾದದ್ದು ಹೆಬ್ಬೆರಳು. ದಾರ ಸುತ್ತಿದ ಉರುಳೆಯೇ ಅಲ್ಲಿ ತಿರುಗುತ್ತದೆ, ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿಯಬೇಕು. ಹೊಲಿಗೆ ಯಂತ್ರದಲ್ಲಿ ಬಾಬಿನ್ ಸುತ್ತುವಾಗ ಪೆಡಲ್ ನಿಲ್ಲಿಸಿದರೂ ನೂಲಿನ ಉರುಳೆ ಇನ್ನೆರಡು ಸುತ್ತು ತಿರುಗಿ, ನೂಲು ಸಡಿಲಾಗಿ ಗೋಜಲಾಗುತ್ತದಲ್ಲ, ಇಲ್ಲಿಯೂ ಅದೇ ತಾಪತ್ರಯ. ಗಾಳ ಎದುರುಗಾಳಿಗೆ ನಿಧಾನವಾಗುತ್ತದೆ, ಉರುಳೆ ನಿಧಾನವಾಗುವುದಿಲ್ಲ. ಮೇಲಾಗಿ ಆ ಉರುಳೆಯನ್ನು ತಿರುಗಿಸಬೇಕಾದದ್ದು ಗಾಳದ ತೂಕವೇ. ಸಾಮಾನ್ಯ ಬೇಟ್‌ಕಾಸ್ಟಿಂಗ್ ರೀಲು ಹಾಯಾಗಿ ಎಸೆಯಬೇಕಾದರೆ ಹತ್ತು ಗ್ರಾಂ ಆದರೂ ಬೇಕು. ಅರ್ಧ ಪವನಿಗೆ ಅದು ಜಪ್ಪಯ್ಯ ಎಂದರೂ ಜಗ್ಗದು.

ಜಪಾನಿನವರು ಇದಕ್ಕೆಂದೇ ‘ಬೇಟ್ ಫಿನೆಸ್’ ಎಂಬ ರೀಲು ಮಾಡಿದ್ದಾರೆ. ಅವುಗಳನ್ನು ತಯಾರಿಸುವ ಶಿಮಾನೋ ಕಂಪನಿ 1921ರಲ್ಲಿ ಆರಂಭವಾದದ್ದು ಸೈಕಲ್ಲಿನ ಫ್ರೀವೀಲ್ ಮಾಡುವುದರಿಂದ. ಹಗುರವಾಗಿ ತಿರುಗುವ ಚಕ್ರ ಅವರಿಗೆ ಹಳೆಯ ವಿದ್ಯೆ!

ರಜಾದಿನದ ಮಧ್ಯಾಹ್ನಗಳಲ್ಲಿ ಮಗನೊಡನೆ ಕುಳಿತು ಓದಿ ತಿಳಿದದ್ದಿಷ್ಟು. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕುವ ಬೇರಿಂಗ್‌ಗಳ ಸಂಖ್ಯೆಗೆ ಮರುಳಾಗಬಾರದು. ಮೊದಲು ಕೇಳಬೇಕಾದದ್ದು ಖಾಲಿ ಉರುಳೆಯ ತೂಕ. ಅದು ಹತ್ತು ಗ್ರಾಂ ಆಸುಪಾಸಿನಲ್ಲಿರಬೇಕು, ಇನ್ನೂ ಕಡಿಮೆಯಾದರೆ ಒಳ್ಳೆಯದು. ಉರುಳೆ ಆಳವಿಲ್ಲದ್ದಾಗಿರಬೇಕು. ದಾರವೂ ತೂಕವೇ ಆದ್ದರಿಂದ ತೆಳು ದಾರ ಐವತ್ತು ಮೀಟರ್ ಸುತ್ತಿದರೆ ಖಾರಿಗೆ ಧಾರಾಳ. ಹೊರಗಿನಿಂದಲೇ ತಿರುಗಿಸಿ ಹೊಂದಿಸಬಹುದಾದ ಅಯಸ್ಕಾಂತದ ಬ್ರೇಕ್ ಇರಬೇಕು. ಹಿಡಿ ಯಾವ ಬದಿಗೆ ಎಂಬುದನ್ನು ಕೊಳ್ಳುವಾಗಲೇ ನೋಡಬೇಕು. ಸ್ಪಿನ್ನಿಂಗ್ ರೀಲಿನಂತೆ ಇದರ ಹಿಡಿಯನ್ನು ಆಮೇಲೆ ಆಚೀಚೆ ಬದಲಿಸಲು ಬರುವುದಿಲ್ಲ. ಬಲಗೈಯಲ್ಲಿ ಕೋಲು ಹಿಡಿದು ಎಡಗೈಯಲ್ಲಿ ಸುತ್ತುವ ನಮ್ಮವರಿಗೆ ಎಡ ಹಿಡಿಯದ್ದೇ ಆಗಬೇಕಿತ್ತು. ಇನ್ನು ಕೋಲು. ಅದು ಅರ್ಧ ಪವನಿಗೂ ಬಾಗುವಷ್ಟು ಮೆದುವಾಗಿರದಿದ್ದರೆ ಎಷ್ಟು ಬೆಲೆಯ ರೀಲೂ ದಂಡ.

ಜಪಾನಿನ ಹೆಸರಾಂತ ಕಂಪನಿಗಳದ್ದು ನನ್ನ ಕೈಗೆ ಎಟುಕಲಿಲ್ಲ. ಅರ್ಧಕ್ಕಿಂತ ಕಡಿಮೆ ಬೆಲೆಯ ಚೀನಾದ್ದು ತರಿಸಿದೆವು. ಅದರ ಉರುಳೆ ನಿಜಕ್ಕೂ ಹಗುರ, ಹೊರಮೈ ಮಾತ್ರ ಅಷ್ಟು ನಾಜೂಕಿನದ್ದಲ್ಲ. ಈದ್‌ಗೆ ನನಗೊಂದು ಬಟ್ಟೆ ಕಡಿಮೆಯಾಯಿತು. ಅದನ್ನು ಯಾರಿಗೂ ಹೇಳಲಿಲ್ಲ, ಇಲ್ಲಿ ಬರೆದುಬಿಟ್ಟೆ.

ಮೊದಲ ವಾರವೆಲ್ಲ ಗೋಜಲು ಬಿಡಿಸುವುದೇ ಕೆಲಸ. ಅಂಗಳದಲ್ಲಿ ನಿಂತು ಉರುಳೆಯ ಬದಿಯ ಗುಬಟನ್ನು ಹೊಂದಿಸಿದರು. ಗುಂಡಿ ಒತ್ತಿದಾಗ ಗಾಳ ತನ್ನ ಭಾರಕ್ಕೆ ಮೆಲ್ಲನೆ ಇಳಿಯಬೇಕು, ನೆಲ ಮುಟ್ಟಿದೊಡನೆ ಉರುಳೆ ನಿಲ್ಲಬೇಕು. ಬ್ರೇಕನ್ನು ಮೊದಲು ಹೆಚ್ಚಿಗೆ ಇಟ್ಟು ದಿನದಿನಕ್ಕೆ ಸಡಿಲಿಸಿದರು. ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬೀಸುವಾಗ ಅದಕ್ಕೆ ಬೆನ್ನು ಮಾಡಿ ನಿಂತರೆ ಮಾತ್ರ ಎಸೆತ ಹೋಗುತ್ತದಂತೆ. ಈಗ ಅವರು ಫಜ್ರ್ ಮುಗಿಸಿ ಹೊರಡುವುದೇ ಹೆಚ್ಚು. ಆಗ ಗಾಳಿಯ ಕಾಟವಿಲ್ಲ.

ಒಂದು ವಿಷಯದಲ್ಲಿ ನಾನು ಖಂಡಿತವಾಗಿ ಹೇಳಿದ್ದೇನೆ. ದೊಡ್ಡ ಚೊಣಕ್ ಬೇರಿನ ಸಂದಿಗೆ ನುಗ್ಗಿದರೆ ತೆಳು ದಾರ ಕಡಿಯುತ್ತದೆ, ಮೀನು ಬಾಯಲ್ಲಿ ಕೊಕ್ಕೆ ಸಿಕ್ಕಿಸಿಕೊಂಡೇ ಹೋಗುತ್ತದೆ. ಬೇರು ಒತ್ತಾಗಿರುವ ಕಡೆ ಈ ರೀಲು ಬೇಡ. ಅವರೂ ಒಪ್ಪಿದ್ದಾರೆ. ಅಂತಹ ಕಡೆಗೆ ಗೆಳೆಯರ ದಪ್ಪ ದಾರದ ರೀಲು, ಭಾರದ ಗಾಳವೇ ಸರಿ.

ಉಪ್ಪುನೀರು ಇಂತಹ ಯಂತ್ರಗಳ ಶತ್ರು. ಮನೆಗೆ ಬಂದೊಡನೆ ರೀಲನ್ನು ಬಕೆಟಿನಲ್ಲಿ ಮುಳುಗಿಸಬಾರದು, ಉಪ್ಪು ಒಳಗಿಳಿಯುತ್ತದೆ. ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಉರುಳೆಯ ಬೇರಿಂಗಿಗೆ ತೆಳು ಎಣ್ಣೆ ಒಂದೇ ಹನಿ. ಹೆಚ್ಚಾದರೆ ಉರುಳೆ ಮಂದವಾಗುತ್ತದೆ. ಎಣ್ಣೆಯ ಡಬ್ಬಿ ಅತ್ತೆಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿರುತ್ತದೆ. ಕೇಳುವ ಮೊದಲೇ ಅವರೇ ತೆಗೆದಿಡುತ್ತಾರೆ.